ಜೋಡಿಸಿದ ಕಂಪ್ಯೂಟರ್, ಬಿಡಿ ಬಿಡಿ ಹೊಣೆ

ಸಾಗರದ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ಸೊಸೈಟಿಯ ವಾರ್ಷಿಕ ವರದಿ, ರಬ್ಬರ್ ಸ್ಟಾಂಪು ಎಲ್ಲವೂ ಅಲ್ಲೇ ಆಗುತ್ತವೆ. ಅಂಗಡಿ ಮಾವನದು. ಅವರ ಅಕ್ಕನ ಮಗಳು ಓದು ಮುಗಿಸಿ ಬಂದು ಅಲ್ಲೇ ಮದುವೆ ಮತ್ತು ಯಕ್ಷಗಾನದ ವಿಡಿಯೊ ಎಡಿಟಿಂಗ್ ಶುರುಮಾಡಿದ್ದಾಳೆ. ಈಗಿರುವ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ; ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹೊಸದೊಂದು ಬೇಕು ಎನ್ನುವುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಎಲ್ಲಿಂದ ತರುವುದು ಎನ್ನುವುದೇ ತಕರಾರು. ಪ್ರೂಫಿಗಾಗಿ ಕಾಯುತ್ತ ಕೂತಿದ್ದ ನನ್ನೆದುರಿಗೇ ವಾದ ನಡೆಯಿತು, ದನಿ ತಗ್ಗಿಸುವ ಜಾಯಮಾನ ಇಬ್ಬರದೂ ಅಲ್ಲ.

ಹುಡುಗಿ: ಮಾವ, ಇಲ್ಲಿ ನೋಡಿ. ಪ್ರೊಸೆಸರ್, ಬೋರ್ಡು, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಲ್ಲ ನಾನೇ ಆರಿಸಿದ್ದು. ಅವರು ಜೋಡಿಸಿ, ಓಡಿಸಿ ನೋಡಿ, ಬಾಗಿಲಿಗೆ ಕಳಿಸ್ತಾರೆ. ತೆರಿಗೆ ಸೇರಿ 1,41,600.

ಮಾವ: ಜೋಡಿಸೋದು ಯಾರು?

ಹುಡುಗಿ: ಅವರ ಟೆಕ್ನಿಷಿಯನ್.

ಮಾವ: ಅವನ ಹೆಸರು?

ಹುಡುಗಿ: ಹೆಸರು ತಗೊಂಡು ಏನು ಮಾಡ್ತೀರಿ?

ಮಾವ: ಕೆಟ್ಟಾಗ ಬೈಯೋಕೆ ಬೇಕಲ್ಲ ಮಾರಾಯ್ತಿ. 1999ರಲ್ಲಿ ಈ ಅಂಗಡಿಗೆ ಮೊದಲ ಕಂಪ್ಯೂಟರ್ ತಂದದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ. ರಾತ್ರಿ ಬಸ್ಸಿಗೆ ಹೋಗಿ, ಬೆಳಗ್ಗೆ ಟೌನ್‌ಹಾಲ್ ಹತ್ತಿರ ಇಡ್ಲಿ ತಿಂದು, ಅಂಗಡಿ ಬಾಗಿಲು ತೆಗೆಯೋವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ನನ್ನ ಕಣ್ಣೆದುರಿಗೇ ಡಬ್ಬ ಒಡೆದ, ಬೋರ್ಡು ಕೂರಿಸಿದ, ಸ್ಕ್ರೂ ಬಿಗಿದ, ಆನ್ ಮಾಡಿ ತೋರಿಸಿದ. ವಾಪಸ್ ಬರುವಾಗ ಆ ಗಾಜಿನ ಮಾನಿಟರು ಸಾಗರದವರೆಗೂ ನನ್ನ ತೊಡೆ ಮೇಲೆ.

ಹುಡುಗಿ: ಬಿಲ್ಲು?

ಮಾವ: ಚೀಟಿ ಕೊಟ್ಟಿದ್ದ.

ಹುಡುಗಿ: ಮೇಲೆ 'ಎಸ್ಟಿಮೇಟ್' ಅಂತ ಬರೆದ ಬಿಳಿ ಚೀಟಿ. ಅಮ್ಮ ಹೇಳಿದ್ದಾಳೆ. ಹಾರ್ಡ್ ಡಿಸ್ಕ್ ಹೋಯ್ತು ಅಂತ ನೀವು ಮತ್ತೆ ಬೆಂಗಳೂರಿಗೆ ಹೋದರೆ ಆ ಅಂಗಡಿಯೇ ಇರಲಿಲ್ಲವಂತೆ, ಅಲ್ಲಿ ಸ್ಪೀಕರ್ ಮಾರ್ತಿದ್ರಂತೆ.

ಮಾವ: ಅಂಗಡಿ ಇರಲಿಲ್ಲ, ಮನುಷ್ಯ ಇದ್ದ. ನಾಲ್ಕು ಬಾಗಿಲು ಆಚೆ ಬೇರೆಯವರ ಜೊತೆ ಕೂತಿದ್ದ. ನನ್ನ ಮುಖ ನೋಡಿ ಗುರುತು ಹಿಡಿದು ಡಿಸ್ಕ್ ಬದಲಾಯಿಸಿಕೊಟ್ಟ. ಅಮ್ಮ ಅದನ್ನು ಹೇಳಲಿಲ್ಲವಾ?

ಹುಡುಗಿ: ಅವನು ಆ ದಿನ ಊರಿಗೆ ಹೋಗಿದ್ದಿದ್ರೆ? ನಿಮ್ಮ ಗ್ಯಾರಂಟಿ ಪೂರ್ತಿ ಒಬ್ಬ ಮನುಷ್ಯನ ಒಳ್ಳೆತನದ ಮೇಲೆ ನಿಂತಿತ್ತು. ನನಗೆ ಕಾಗದ ಬೇಕು. ಅದೂ ಅಲ್ಲದೆ ಎಸ್‌ಪಿ ರೋಡಿನ ಎಷ್ಟೋ ಅಂಗಡಿಯವರೇ ಈಗ ವೆಬ್‌ಸೈಟ್ ಇಟ್ಟಿದ್ದಾರೆ. ಮುನ್ನೂರೈವತ್ತು ಕಿಲೋಮೀಟರ್ ಹೋಗಿ ಅದೇ ಮಾಲನ್ನು ಹೊತ್ತು ತರೋದ್ಯಾಕೆ?

ಮಾವ: ಇದು ಎಸ್‌ಪಿ ರೋಡಿನವರದ್ದಾ?

ಹುಡುಗಿ: ಅಲ್ಲ. ಹೊರ ರಾಜ್ಯದವರು. ಹೊಸದೇನೂ ಅಲ್ಲ ಮಾವ ಇದು. ಮೈಕಲ್ ಡೆಲ್ 1984ರಲ್ಲಿ ಆಸ್ಟಿನ್‌ನ ಹಾಸ್ಟೆಲ್ ರೂಮಿನಲ್ಲಿ ಶುರುಮಾಡಿದ್ದೇ ಈ ಥರದ ಕಸುಬು. ಮಧ್ಯೆ ಅಂಗಡಿಯವನಿಲ್ಲ, ಗಿರಾಕಿ ಕೇಳಿದ ಹಾಗೆ ಜೋಡಿಸಿ ನೇರವಾಗಿ ಕಳಿಸೋದು. 1996ಕ್ಕೆ ಇಂಟರ್‌ನೆಟ್ಟಿನಲ್ಲೂ ಆರ್ಡರ್ ತಗೊಂಡ.

ಮಾವ: ತಗೊಂಡ, ಸರಿ. ಆದರೆ ಡಬ್ಬದ ಮೇಲೆ ತನ್ನ ಹೆಸರು ಹಾಕಿದ. ಒಳಗೆ ಯಾರ ಡಿಸ್ಕ್ ಇರಲಿ, ಯಾರ ಮೋಟಾರಿರಲಿ, ಕೆಟ್ಟರೆ ಫೋನು ಡೆಲ್‌ಗೆ. ನಿನ್ನ ಈ ಸೈಟಿನವರು ಏನು ಬರೆದಿದ್ದಾರೆ ಓದು. ಕೆಳಗೆ, ಸಣ್ಣ ಅಕ್ಷರ.

ಹುಡುಗಿ ಓದಿದಳು. ಭಾಗಗಳ ವಾರಂಟಿ ಆಯಾ ತಯಾರಕರದು. ಜೋಡಿಸಿದ ಕೆಲಸಕ್ಕೆ ಮಾತ್ರ ಒಂದು ವರ್ಷ ತಮ್ಮದು. ಕ್ಯಾಬಿನೆಟ್ಟಿನ ಪಕ್ಕದ ಸ್ಟಿಕರ್ ಹರಿದರೆ ಅದೂ ಇಲ್ಲ. ಈ ಷರತ್ತುಗಳಲ್ಲಿ ಸುಳ್ಳು ಏನೂ ಇಲ್ಲ. ಬಹುಪಾಲು ಅಸೆಂಬಲ್ಡ್ ಕಂಪ್ಯೂಟರುಗಳ ಸ್ಥಿತಿಯೇ ಇದು. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರಗಿನವರ ಬಿಡಿಭಾಗಗಳಿಂದ ಜೋಡಿಸಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ಕೊಟ್ಟಿತು, ಬೋರ್ಡಿನ ಸ್ಕ್ರೂ ತೂತು ಎಲ್ಲಿರಬೇಕು ಎಂಬುದರವರೆಗೆ. ಅಂದಿನಿಂದ ತೈವಾನಿನ ಬೋರ್ಡು, ಕೊರಿಯಾದ ಮೆಮೊರಿ, ಚೀನಾದ ಕ್ಯಾಬಿನೆಟ್ಟು ಒಂದಕ್ಕೊಂದು ಕೂರುತ್ತವೆ. ತಯಾರಕರು ಬೇರೆಬೇರೆಯಾದಂತೆ ಹೊಣೆಯೂ ಬೇರೆಬೇರೆಯಾಯಿತು.

ಹುಡುಗಿ: ಅದರಲ್ಲೇ ಲಾಭ ಇರೋದು. ಬ್ರ್ಯಾಂಡೆಡ್ ತಗೊಂಡರೆ ಒಂದು ವರ್ಷ, ಹೆಚ್ಚಿಗೆ ಬೇಕಾದ್ರೆ ಹೆಚ್ಚಿಗೆ ದುಡ್ಡು. ಇಲ್ಲಿ ಪ್ರೊಸೆಸರ್‌ಗೆ ಮೂರು ವರ್ಷ, ಎಸ್‌ಎಸ್‌ಡಿಗೆ ಐದು, ಎಲ್ಲಕ್ಕೂ ಕರೆಂಟ್ ಕೊಡೋ ಎಸ್‌ಎಮ್‌ಪಿಎಸ್ ಒಳ್ಳೇದಾದ್ರೆ ಏಳೋ ಹತ್ತೋ. ಒಂದು ಹೋದರೆ ಅದೊಂದನ್ನೇ ಬದಲಾಯಿಸಬಹುದು.

ಮಾವ: ಯಾವುದು ಹೋಗಿದೆ ಅಂತ ಗೊತ್ತಾದ ಮೇಲೆ! ಬಟನ್ ಒತ್ತಿದೆ, ಫ್ಯಾನ್ ತಿರುಗ್ತಿದೆ, ಪರದೆ ಕಪ್ಪಗಿದೆ. ರ‍್ಯಾಮಾ, ಬೋರ್ಡಾ, ಕಾರ್ಡಾ? ಕಂಡುಹಿಡಿಯೋಕೆ ಇನ್ನೊಂದು ರ‍್ಯಾಮ್, ಇನ್ನೊಂದು ಎಸ್‌ಎಮ್‌ಪಿಎಸ್ ಕೈಲಿರಬೇಕು. ರ‍್ಯಾಮಿನವರು ಬೋರ್ಡು ನೋಡಿಸಿ ಅಂತಾರೆ, ಬೋರ್ಡಿನವರು ರ‍್ಯಾಮ್ ನೋಡಿಸಿ ಅಂತಾರೆ. ಅವರ ಸರ್ವಿಸ್ ಸೆಂಟರ್ ಯಾವುದೂ ಸಾಗರದಲ್ಲಿಲ್ಲ. ಆಗ ನೀನು ಹೋಗೋದು ನಮ್ಮ ಮಾರ್ಕೆಟ್ ರೋಡಿನ ರಿಪೇರಿ ಹುಡುಗನ ಹತ್ತಿರ. ಒಂದೂವರೆ ಲಕ್ಷದ ವ್ಯಾಪಾರ ಬೇರೆ ಕಡೆ ಮಾಡಿ, ಇನ್ನೂರು ರೂಪಾಯಿಯ ತಲೆನೋವು ಅವನಿಗೆ ಕೊಡ್ತೀಯ.

ಹುಡುಗಿ: ಅವನನ್ನೂ ಕೇಳಿದೆ ಮಾವ. ಹನ್ನೆರಡು ಜಿಬಿಯ ಗ್ರಾಫಿಕ್ಸ್ ಕಾರ್ಡ್ ಅವನ ಹತ್ತಿರ ಇಲ್ಲ, ತರಿಸಿಕೊಡ್ತೀನಿ ಅಂದ. ತರಿಸೋದು ಎಲ್ಲಿಂದ? ಇಂಥದ್ದೇ ಸೈಟಿನಿಂದ. ಮೇಲೆ ಅವನದೊಂದಿಷ್ಟು.

ಮಾವ: ಆ 'ಒಂದಿಷ್ಟು' ಇದೆಯಲ್ಲ, ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿದರೆ ಬರ್ತಾನಲ್ಲ, ಅದಕ್ಕೆ ಕೊಡೋದು.

ಹುಡುಗಿ ಇದಕ್ಕೆ ಉತ್ತರ ಕೊಡಲಿಲ್ಲ. ಮೌಸ್ ಹಿಡಿದು ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದಳು. ಮಾವ ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು.

ಮಾವ: ನಾನೇ ಆರಿಸಿದ್ದು ಅಂದೆಯಲ್ಲ, ಇದೇನು? ಪ್ರೊಸೆಸರ್‌ಗೆ ಹೆಸರಿದೆ, ಕಾರ್ಡಿಗೆ ಹೆಸರಿದೆ. ಇಲ್ಲಿ ಬರೀ '650 ವ್ಯಾಟ್ ಬ್ರಾಂಜ್' ಅಂತಿದೆ. ಯಾರ ಎಸ್‌ಎಮ್‌ಪಿಎಸ್?

ಹುಡುಗಿ: ಬ್ರಾಂಜ್ ಅಂದ್ರೆ 80 ಪ್ಲಸ್ ಸರ್ಟಿಫಿಕೇಟ್ ಇದೆ ಅಂತ.

ಮಾವ: ಅದು ಎಷ್ಟು ಕರೆಂಟ್ ಬಿಸಿಯಾಗಿ ಪೋಲಾಗುತ್ತೆ ಅನ್ನೋದರ ಸರ್ಟಿಫಿಕೇಟು. ಒಳಗೆ ಎಂಥ ಕೆಪಾಸಿಟರ್ ಹಾಕಿದ್ದಾರೆ, ವೋಲ್ಟೇಜ್ ಹೆಚ್ಚುಕಡಿಮೆ ಆದಾಗ ತಾನು ಸತ್ತು ಬೋರ್ಡನ್ನು ಉಳಿಸುತ್ತಾ ಅನ್ನೋದನ್ನ ಅದು ಹೇಳಲ್ಲ. ಮಳೆಗಾಲದಲ್ಲಿ ಈ ಊರಿನ ಕರೆಂಟು ಹೇಗೆ ಬರುತ್ತೆ ಅಂತ ನಿನಗೆ ಹೇಳಬೇಕಾ? ಇಷ್ಟು ವರ್ಷದಲ್ಲಿ ಈ ಅಂಗಡಿಯಲ್ಲಿ ಸುಟ್ಟದ್ದರಲ್ಲಿ ಅರ್ಧ ಎಸ್‌ಎಮ್‌ಪಿಎಸ್. ಪಕ್ಕದಲ್ಲಿ ಇನ್ನೇನೋ ಇದೆ ಓದು, 'ಅಥವಾ ತತ್ಸಮಾನ'. ಸಮಾನ ಅಂತ ತೀರ್ಮಾನ ಮಾಡೋದು ಯಾರು? ಕಳಿಸೋನು.

ಹುಡುಗಿ: ಸ್ಟಾಕ್ ಇಲ್ಲದಿದ್ರೆ ಅಂತ ಹಾಕಿರ್ತಾರೆ.

ಮಾವ: ಕೇಟರಿಂಗ್‌ನವರು ಮದುವೆಗೆ ಮೆನು ಕಾರ್ಡ್ ತೋರಿಸ್ತಾರಲ್ಲ, ಹಾಗಾಯ್ತು ಇದು. ಹೋಳಿಗೆಗೆ ತುಪ್ಪ ಹಸುವಿನದೋ ಎಮ್ಮೆಯದೋ ಅಂತ ಕೇಳ್ತಾರೆ. ಒಗ್ಗರಣೆ ಎಣ್ಣೆ ಯಾವುದು ಅಂತ ನಾವೂ ಕೇಳಲ್ಲ, ಅವರೂ ಹೇಳಲ್ಲ.

ಈ ಮಾತಿನಲ್ಲಿ ನಾನು ಪೂರ್ತಿ ಮಾವನ ಕಡೆ. ಗಿರಾಕಿ ನೋಡುವುದು ಪ್ರೊಸೆಸರಿನ ನಂಬರು, ಗ್ರಾಫಿಕ್ಸ್ ಕಾರ್ಡಿನ ನಂಬರು. ಮಾರುವವರು ಉಳಿಸಿಕೊಳ್ಳುವುದು ಗಿರಾಕಿ ನೋಡದ ಕಡೆ. ಹುಡುಗಿಗೂ ಅದು ತಟ್ಟಿರಬೇಕು. ಸೈಟಿನ ಮೂಲೆಯಲ್ಲಿದ್ದ ಚಾಟ್ ತೆರೆದು ಎರಡು ಪ್ರಶ್ನೆ ಟೈಪ್ ಮಾಡಿದಳು: ಎಸ್‌ಎಮ್‌ಪಿಎಸ್ ಯಾವ ಕಂಪನಿ, ಯಾವ ಮಾಡೆಲ್? ಪ್ರೊಸೆಸರ್ ಡಬ್ಬದ್ದೋ, ಟ್ರೇಯದ್ದೋ?

ಮಾವ: ಟ್ರೇ ಅಂದ್ರೆ?

ಹುಡುಗಿ: ಕಂಪ್ಯೂಟರ್ ಜೋಡಿಸೋರಿಗೆ ಅಂತ ಸಗಟಾಗಿ ಬರೋದು. ಚಿಲ್ಲರೆ ಡಬ್ಬ ಇರಲ್ಲ. ಅದಕ್ಕೆ ತಯಾರಕರು ನೇರವಾಗಿ ವಾರಂಟಿ ಕೊಡಲ್ಲ, ಮಾರಿದವನ ಹತ್ತಿರವೇ ಹೋಗಬೇಕು. ಇದು ನನಗೂ ಗೊತ್ತಿದೆ ಮಾವ, ನಾನೇನು ಬಣ್ಣದ ಲೈಟ್ ನೋಡಿ ಮರುಳಾದವಳಲ್ಲ. ಬಂದ ಕೂಡಲೇ ಏನು ನೋಡಬೇಕು ಅಂತ ಬರೆದಿಟ್ಟಿದ್ದೀನಿ. ರ‍್ಯಾಮ್ ಎರಡು ಕಡ್ಡಿಯಾ ಒಂದೇನಾ. ಎರಡಾದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿದೆಯಾ. ಬಯಾಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡಿದ್ದಾರಾ. ಅದು ಆಫ್ ಇದ್ರೆ 6000ದ ರ‍್ಯಾಮಿಗೆ ದುಡ್ಡು ಕೊಟ್ಟು 4800ರಲ್ಲಿ ಓಡಿಸ್ತಾ ಇರ್ತೀವಿ, ವರ್ಷಗಟ್ಟಲೆ ಗೊತ್ತೇ ಆಗಲ್ಲ.

ಮಾವ: ಇಷ್ಟೆಲ್ಲ ನಿನಗೇ ಗೊತ್ತಿದ್ರೆ ನೀನೇ ಜೋಡಿಸು. ಬಿಡಿಭಾಗ ತರಿಸು, ನಾನು ಪಕ್ಕದಲ್ಲಿ ಕೂರ್ತೀನಿ.

ಹುಡುಗಿ: ನೀವು ಜೋಡಿಸಿಕೊಡ್ತೀರಾ?

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂಲೆಯಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವೊಂದು ಇನ್ನೂ ಉಸಿರಾಡುತ್ತಿದೆ, ಹಿಂಬದಿಯಲ್ಲಿ ಶ್ರೀಲಿಪಿಯ ಡಾಂಗಲ್ ಸಿಕ್ಕಿಸಿಕೊಂಡು. ಪೇಜ್‌ಮೇಕರ್‌ನ ಹಳೆಯ ಫೈಲುಗಳು ತೆರೆಯುವುದು ಅದರಲ್ಲಿ ಮಾತ್ರ. ಅದನ್ನು ಜೋಡಿಸಿದ್ದು ಅವರ ಕೈಯೇ.

ಮಾವ: ಆಗ ಪಿನ್ನು ಪ್ರೊಸೆಸರಿನಲ್ಲಿ ಇರ್ತಿತ್ತು. ಬಗ್ಗಿದರೆ ಬ್ಲೇಡಿನಿಂದ ನೆಟ್ಟಗೆ ಮಾಡ್ತಿದ್ದೆ. ಈಗ ಬೋರ್ಡಿನಲ್ಲಿ ಇರುತ್ತಂತಲ್ಲ?

ಹುಡುಗಿ: ಹೌದು, ನಾನು ಆರಿಸಿರೋ ಎಎಮ್5 ಬೋರ್ಡಿನಲ್ಲಿ 1718. ಕೂದಲಿಗಿಂತ ದಪ್ಪ ಏನಿಲ್ಲ. ಕೂರಿಸುವಾಗ ಕೈ ತಪ್ಪಿ ಬಗ್ಗಿದರೆ ವಾರಂಟಿಯಲ್ಲೂ ಬರಲ್ಲ. ಕೈ ನಡುಗಿದರೆ ಹೋದದ್ದು ಹದಿನೈದು ಸಾವಿರ. ಆ ಭಯಕ್ಕೇ ಅವರ ಹತ್ತಿರ ಜೋಡಿಸೋಣ ಅಂದದ್ದು. ಅವರ ಕೈಯಲ್ಲಿ ಬಗ್ಗಿದರೆ ನಷ್ಟ ಅವರದ್ದು.

ಮಾವ: ಅದೊಂದು ಮಾತು ಒಪ್ಪಿದೆ.

ಹುಡುಗಿ: ಇನ್ನೊಂದನ್ನೂ ಒಪ್ಪಿ. ದೀಪಾವಳಿಗೆ ಇಳಿಯುತ್ತೆ, ಯುಗಾದಿಗೆ ಇಳಿಯುತ್ತೆ ಅಂತ ಕಾಯೋದು ಬೇಡ. 2025ರ ಕೊನೆಯಿಂದ ರ‍್ಯಾಮಿನ ಬೆಲೆ ಹೇಗೆ ಏರಿತು ನೋಡಿದ್ರಲ್ಲ. ಮೆಮೊರಿ ಕಾರ್ಖಾನೆಗಳೆಲ್ಲ ಎಐ ಡೇಟಾ ಸೆಂಟರುಗಳ ಕಡೆ ತಿರುಗಿವೆ. ನೀವು ಯಾವಾಗಲೂ ಹಾಕ್ತಿದ್ದ ಕ್ರೂಶಿಯಲ್ ಇದೆಯಲ್ಲ, ಅದನ್ನು ನಮ್ಮಂಥ ಬಿಡಿ ಗಿರಾಕಿಗಳಿಗೆ ಮಾರೋದನ್ನೇ ನಿಲ್ಲಿಸ್ತೀವಿ ಅಂತ ಮೈಕ್ರಾನ್ ಡಿಸೆಂಬರಿನಲ್ಲಿ ಹೇಳಿಬಿಡ್ತು.

ಮಾವ: ಕಾಯೋದು ಬೇಡ. ಆದರೆ ಕೆಟ್ಟರೆ ಎಲ್ಲಿಗೆ ಹೋಗೋದು ಅಂತ ಹೇಳು. ಹೊರ ರಾಜ್ಯದ ಕೋರ್ಟಿಗೆ ಅಲೀಬೇಕಾ?

ಹುಡುಗಿ: ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವಿರೋ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ನಮಗೆ ಶಿವಮೊಗ್ಗ. 5 ಲಕ್ಷದವರೆಗಿನ ಮಾಲಿಗೆ ಶುಲ್ಕವೂ ಇಲ್ಲ, ಮನೆಯಲ್ಲೇ ಕೂತು ಆನ್‌ಲೈನ್ ಹಾಕಬಹುದು. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಸೈಟಿನವರು ದೂರು ತಗೊಳ್ಳೋ ಅಧಿಕಾರಿಯ ಹೆಸರು ಹಾಕಿರಲೇಬೇಕು. 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನೀವು ಕೇಳಿದ್ರಲ್ಲ ಬೈಯೋಕೆ ಹೆಸರು, ಇಗೋ ಇಲ್ಲಿದೆ.

ಮಾವ: ಶಹಬ್ಬಾಸ್. ಬಿಲ್ಲು ಯಾರ ಹೆಸರಿಗೆ?

ಹುಡುಗಿ: ನನ್ನ ಹೆಸರಿಗೆ.

ಮಾವ: ದಡ್ಡಿ. ಅಂಗಡಿಯ ಜಿಎಸ್‌ಟಿ ನಂಬರಿಗೆ ಹಾಕಿಸು. ನಾವು ಕಾಂಪೋಸಿಷನ್‌ನಲ್ಲಿಲ್ಲ, ರೆಗ್ಯುಲರ್. 1,20,000ದ ಮೇಲೆ 18 ಪರ್ಸೆಂಟ್ ಅಂದ್ರೆ 21,600. ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ. ಅದರಲ್ಲಿ ಒಳ್ಳೆ ಯುಪಿಎಸ್ ಬರುತ್ತೆ ಮಾರಾಯ್ತಿ.

ಹುಡುಗಿ: ಅದು ಗೊತ್ತು. ಆದರೆ ವ್ಯಾಪಾರದ ಹೆಸರಿನಲ್ಲಿ ತಗೊಂಡರೆ ನಾಳೆ ಆಯೋಗದಲ್ಲಿ ಅವರ ವಕೀಲರು ಹೇಳೋ ಮೊದಲ ಮಾತು, ಇದು ವಾಣಿಜ್ಯ ಉದ್ದೇಶದ ಖರೀದಿ, ಇವರು ಗ್ರಾಹಕರೇ ಅಲ್ಲ ಅಂತ. ಕಾಯ್ದೆಯಲ್ಲಿ ಅಂಥ ಮಾತಿದೆ.

ಮಾವ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋರಿಗೆ ಅದರಲ್ಲಿ ವಿನಾಯಿತಿ ಇದೆಯಲ್ಲ? ನಮ್ಮದೇನು ಫ್ಯಾಕ್ಟರಿಯಾ?

ಹುಡುಗಿ: ಇದೆ. ಆದರೆ ನಮ್ಮದು ಅಂಥದ್ದು ಅಂತ ನಾವು ವಾದಿಸಿ ತೋರಿಸಬೇಕು. ಅಷ್ಟರಲ್ಲಿ ಎರಡು ಮದುವೆ ಸೀಸನ್ ಮುಗಿದಿರುತ್ತೆ.

ಮಾವ: ಹಾಗಾದ್ರೆ ನಿನ್ನ ಕಾನೂನೂ ನನ್ನ ಎಸ್‌ಪಿ ರೋಡಿನ ಚೀಟಿ ಥರವೇ. ಕೈಗೆ ಬರೋವರೆಗೆ ನಂಬೋ ಹಾಗಿಲ್ಲ.

ಹುಡುಗಿ: ಚೀಟಿ ಥರ ಅಲ್ಲ ಮಾವ. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಪ್ರೊಸೆಸರುಗಳು ತಾವೇ ಹಾಳಾಗ್ತಿದ್ದವಲ್ಲ, ಅಂಥ ದೊಡ್ಡ ಕಂಪನಿ ಎರಡು ವರ್ಷ ವಾರಂಟಿ ಹೆಚ್ಚಿಸಬೇಕಾಯ್ತು. ಅದು ಸಿಕ್ಕಿದ್ದು ಯಾವ ಪ್ರೊಸೆಸರು, ಎಲ್ಲಿಂದ ತಂದದ್ದು ಅಂತ ದಾಖಲೆ ಇದ್ದವರಿಗೆ. ಮುಖ ನೋಡಿ ಕೊಡಲಿಲ್ಲ.

ಸುಮ್ಮನೆ ಕೂತಿದ್ದ ನನಗೂ ಇಲ್ಲಿ ಒಂದು ಮಾತು ಹೇಳಬೇಕೆನಿಸಿತು. ಬಿಲ್ಲಿನಲ್ಲಿ 'ಅಸೆಂಬಲ್ಡ್ ಕಂಪ್ಯೂಟರ್ – 1' ಎಂದು ಒಂದೇ ಸಾಲು ಬಂದರೆ ಆ ದಾಖಲೆಯೂ ಅರ್ಧ ಸತ್ತಂತೆ. ಭಾಗ ಭಾಗಕ್ಕೂ ಸೀರಿಯಲ್ ನಂಬರ್ ಬೇಕು, ಖಾಲಿ ಡಬ್ಬಗಳೂ ಬೇಕು. ಹೇಳಿದೆ. ಇಬ್ಬರೂ ಒಟ್ಟಿಗೇ "ಅದು ಗೊತ್ತು" ಅಂದರು. ಸುಮ್ಮನಾದೆ.

ಮಾವ: ದಾರಿಯಲ್ಲಿ ಏನಾದ್ರೂ ಆದ್ರೆ? ಆ ಗ್ರಾಫಿಕ್ಸ್ ಕಾರ್ಡ್ ಒಂದು ಕೆ.ಜಿ. ಮೇಲಿದೆ ಅಂತೀಯ. ಅದು ಒಂದು ಸ್ಲಾಟಿಗೆ ಜೋತುಬಿದ್ದಿರುತ್ತೆ. ಆಗುಂಬೆಯೋ ಚಾರ್ಮಾಡಿಯೋ, ಯಾವ ಘಾಟಿಯಲ್ಲಿ ಲಾರಿ ಕುಲುಕ್ತೋ ಯಾರಿಗೆ ಗೊತ್ತು.

ಹುಡುಗಿ: ಬೆಂಗಳೂರು ಕಡೆಯಿಂದ ಬರೋದಕ್ಕೆ ಯಾವ ಘಾಟಿ ಮಾವ! ಒಳಗೆ ಫೋಮ್ ತುಂಬಿಸ್ತಾರೆ. ಪ್ಲಾಸ್ಟಿಕ್ ಚೀಲದೊಳಗೆ ಉಬ್ಬಿಕೊಂಡು ಕಾರ್ಡನ್ನೂ ಕೂಲರನ್ನೂ ಅಲುಗಾಡದ ಹಾಗೆ ಹಿಡ್ಕೊಳ್ಳುತ್ತೆ. ಬಂದ ಮೇಲೆ ಆ ಚೀಲ ತೆಗೆದೇ ಆನ್ ಮಾಡಬೇಕು, ಇಲ್ಲದಿದ್ರೆ ಫ್ಯಾನ್ ತಿರುಗಲ್ಲ. ಡಬ್ಬ ಒಡೆಯೋದನ್ನ ಮೊದಲಿಂದ ಕೊನೆವರೆಗೆ ವಿಡಿಯೊ ಮಾಡಬೇಕು, ಟೇಪ್ ಕತ್ತರಿಸೋಕೆ ಮುಂಚೆ ನಾಲ್ಕೂ ಬದಿ ತೋರಿಸಿ. ಅದಿಲ್ಲದೆ ದೂರು ತಗೊಳ್ಳಲ್ಲ ಅಂತ ಬರೆದಿದ್ದಾರೆ.

ಮಾವ: ದುಡ್ಡು ಮೊದಲೇ ಪೂರ್ತಿ ಕೊಟ್ಟವರು ನಾವು, ನಿರಪರಾಧಿ ಅಂತ ಸಾಕ್ಷಿ ಕೊಡಬೇಕಾದವರೂ ನಾವು.

ಹುಡುಗಿ: ಗಿರಾಕಿಗಳೂ ಕಡಿಮೆ ಇಲ್ಲ. ಒಳ್ಳೆ ಕಾರ್ಡ್ ತೆಗೆದಿಟ್ಟು ಕೆಟ್ಟದ್ದನ್ನು ವಾಪಸ್ ಕಳಿಸೋರಿದ್ದಾರೆ.

ಇಷ್ಟರಲ್ಲಿ ಚಾಟ್‌ನಲ್ಲಿ ಉತ್ತರ ಬಂತು. ಪ್ರೊಸೆಸರ್ ಡಬ್ಬದ್ದೇ, ಡಬ್ಬವನ್ನೂ ಕಳಿಸುತ್ತಾರೆ. ಎಸ್‌ಎಮ್‌ಪಿಎಸ್ ಮಾತ್ರ, ಮಾವ ಅನುಮಾನಿಸಿದಂತೆ, ಅವರಿಬ್ಬರೂ ಕೇಳಿರದ ಒಂದು ಹೆಸರಿನದು. ಏಳು ವರ್ಷ ವಾರಂಟಿಯ ಬೇರೊಂದು ಮಾಡೆಲ್ ಹಾಕಲು 2,400 ರೂಪಾಯಿ ಹೆಚ್ಚು. ವಿಂಡೋಸ್ ಬೇಕಾದರೆ 900 ರೂಪಾಯಿಗೆ 'ಆ್ಯಕ್ಟಿವೇಟ್' ಮಾಡಿಕೊಡುತ್ತೇವೆ ಎಂದೂ ಬರೆದಿದ್ದರು.

ಮಾವ: ಒಂಬೈನೂರಕ್ಕೆ ಅಸಲಿ ವಿಂಡೋಸ್?

ಹುಡುಗಿ: ಅಸಲಿ ಹೋಮ್ ಎಡಿಷನ್ನಿಗೇ ಅದರ ಎಷ್ಟೋ ಪಟ್ಟು. ಇದು ಎಲ್ಲಿಂದಲೋ ತಂದ ಕೀ. ಯಾವತ್ತು ರದ್ದಾಗುತ್ತೋ ಗೊತ್ತಿಲ್ಲ. ಬೇಡ ಅಂತ ಬರೀತೀನಿ. ಲೈಸೆನ್ಸ್ ಬೇರೆಯಾಗಿ ತಗೊಳ್ಳೋಣ.

ಮಾವ: ನೋಡು, ಕೇಳಿದ್ದಕ್ಕೆ ಸರಿಯಾಗಿ ಹೇಳಿದ, ಕೇಳದೆ ಇದ್ದಿದ್ರೆ ಹೆಸರಿಲ್ಲದ್ದನ್ನು ಕಳಿಸ್ತಿದ್ದ. ಎಸ್‌ಪಿ ರೋಡಿನವನೂ ಹಾಗೇ ಇದ್ದ ಅನ್ನೋದು ಸುಳ್ಳಲ್ಲ. ಆದರೂ ನನ್ನ ಮನಸ್ಸು ಒಪ್ಪಲ್ಲ.

ಹುಡುಗಿ: ನನ್ನ ಮನಸ್ಸೂ ಪೂರ್ತಿ ಒಪ್ಪಿಲ್ಲ. ಆದರೆ ಬರೋ ತಿಂಗಳು ಮೂರು ಮದುವೆ ಒಪ್ಪಿಕೊಂಡಿದ್ದೀನಿ. ಬಿಲ್ಲು ಅಂಗಡಿಯ ಹೆಸರಿಗೇ ಇರಲಿ, ನಿಮ್ಮ 21,600 ಉಳೀಲಿ. ಎಸ್‌ಎಮ್‌ಪಿಎಸ್‌ಗೆ 2,400 ಹಾಕೋಣ. ಯುಪಿಎಸ್ ಮಾರ್ಕೆಟ್ ರೋಡಿನ ಹುಡುಗನ ಹತ್ತಿರವೇ.

ಮಾವ: ಅದಕ್ಕೂ ಮುಂಚೆ ಇನ್ನೊಂದು. ಈ ಹಳೇ ಕ್ಯಾಬಿನೆಟ್ಟಿನ ಹಿಂದಿನ ತಗಡನ್ನು ಬರಿಗಾಲಲ್ಲಿ ನಿಂತು ಮುಟ್ಟು.

ಹುಡುಗಿ ಚಪ್ಪಲಿ ಬಿಟ್ಟು ಬೆರಳಿನ ಹಿಂಬದಿಯಿಂದ ಮುಟ್ಟಿದಳು. ಕೈ ಹಿಂದಕ್ಕೆ ಎಳೆದುಕೊಂಡಳು.

ಹುಡುಗಿ: ಜುಮ್ ಅನ್ನುತ್ತೆ.

ಮಾವ: ಅರ್ತಿಂಗ್ ಇಲ್ಲ. ಎಸ್‌ಎಮ್‌ಪಿಎಸ್ಸಿನೊಳಗಿನ ಫಿಲ್ಟರಿನಿಂದ ಸೋರೋ ಅಷ್ಟಿಷ್ಟು ಕರೆಂಟು ಭೂಮಿಗೆ ಹೋಗಬೇಕು. ದಾರಿ ಇಲ್ಲದೆ ತಗಡಿನಲ್ಲೇ ನಿಂತಿದೆ. ಕಟ್ಟಡದ ಓನರಿಗೆ ಹೇಳಿ ಹೇಳಿ ಸಾಕಾಯ್ತು. ಅದು ಸರಿಯಾಗೋವರೆಗೆ ನಿನ್ನ ಹೊಸ ಡಬ್ಬ ಒಡೆಯೋದು ಬೇಡ.

ಹುಡುಗಿ: ಹಾಗೆ ಇಟ್ಟುಕೊಂಡು ಕೂರೋಕಾಗಲ್ಲ ಮಾವ. ಡಬ್ಬ ಕೈಗೆ ಬಂದ ಮೂರು ದಿನದೊಳಗೆ ದೂರು ಹೇಳಬೇಕು ಅಂತ ಷರತ್ತಿದೆ. ನಾನು ದುಡ್ಡು ಕಟ್ತೀನಿ, ನೀವು ಎಲೆಕ್ಟ್ರಿಷಿಯನ್ನಿಗೆ ಈಗಲೇ ಫೋನ್ ಮಾಡಿ.